ರಾಜಮ್ಮನ ಎಡಗಣ್ಣು

ಬೆಳಿಗ್ಗೆ ಎದ್ದಾಗ ರಾಜಮ್ಮನಿಗೆ ಎಡಗಣ್ಣು ಬಿಡಲಾಗಲಿಲ್ಲ. ರೆಪ್ಪೆ ಊದಿ ಬೋಂಡದ ಹಾಗಾಗಿತ್ತು. ಬೆರಳಿನಿಂದ ಬಿಡಿಸಿದಳು. ಕಿಟಕಿಯ ಬೆಳಕು ಸೂಜಿಯಂತೆ ಚುಚ್ಚಿತು. ಬಲಗಣ್ಣು ಮುಚ್ಚಿ ಎಡಗಣ್ಣೊಂದರಿಂದಲೇ ನೋಡಿದಳು. ಗೋಡೆ ಕಾಣಲಿಲ್ಲ, ಬಾಗಿಲು ಕಾಣಲಿಲ್ಲ. ಗಂಜಿಯೊಳಗೆ ಮುಖ ಅದ್ದಿ ಕಣ್ಣು ಬಿಟ್ಟಂತೆ ಎಲ್ಲ ಬೆಳ್ಳಗೆ ಮಬ್ಬು.

ಅವಳು ಮಲಗುತ್ತಿದ್ದದ್ದು ನೆದರ್ಲೆಂಡ್ಸಿನ ಆಲ್ಮೆರೆ ಎಂಬ ಊರಿನ ಒಂದು ಸಾಲುಮನೆಯ ಅಟ್ಟದಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ. ಮಾಡು ಇಳಿಜಾರು. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಕೆಳಗಿಳಿಯಲು ಏಣಿಯಂಥ ಕಡಿದಾದ ಮೆಟ್ಟಿಲು. ಅವತ್ತು ಒಂದೇ ಕಣ್ಣಿನಲ್ಲಿ ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ, ಕುಂಡಿಯೂರಿ ಒಂದೊಂದೇ ಮೆಟ್ಟಿಲು ಇಳಿದು ಅಡಿಗೆಮನೆಗೆ ಬಂದಳು. ಮಗುವಿಗೆ ರಾಗಿಸರಿ ಕಾಯಿಸಬೇಕಿತ್ತು. ಎಂಟಕ್ಕೆ ಮನೆಯ ಯಜಮಾನ ನರಹರಿ ಅಯ್ಯನವರ ರೈಲು. ಅವರ ಡಬ್ಬಿಗೆ ಚಪಾತಿ ಆಗಬೇಕಿತ್ತು.

ಮೈಸೂರಿನಲ್ಲಿ ನರಹರಿಯ ತಾಯಿಯ ಮನೆಯಲ್ಲಿ ರಾಜಮ್ಮ ಹನ್ನೊಂದು ವರ್ಷ ಮುಸುರೆ ತಿಕ್ಕಿದವಳು. ಊರು ತಿ. ನರಸೀಪುರದ ಕಡೆಯ ಒಂದು ಕೇರಿ. ಗಂಡ ಸತ್ತ ಮೇಲೆ ಮಗಳನ್ನು ಹಾಸ್ಟೆಲಿಗೆ ಹಾಕಿ ತಾನು ಆ ಮನೆಯ ಹಿಂಬಾಗಿಲು ಹಿಡಿದಿದ್ದಳು. ನೆದರ್ಲೆಂಡ್ಸಿನಲ್ಲಿ ನರಹರಿ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. ಅವನ ಹೆಂಡತಿ ವಾಸಂತಿಯೂ ಕೆಲಸಕ್ಕೆ ಹೋಗುತ್ತಿದ್ದಳು. ಹೆರಿಗೆಯಾದ ಮೇಲೆ ಮಗುವನ್ನು ನೋಡಿಕೊಳ್ಳುವವರು ಬೇಕಾದರು. ಆಗ ರಾಜಮ್ಮನ ನೆನಪಾಯಿತು. ಮೂರು ತಿಂಗಳ ವೀಸಾ ಮಾಡಿಸಿದರು. ಕಾಗದದಲ್ಲಿ ಅವಳು ನರಹರಿಯ ಚಿಕ್ಕಮ್ಮ, ಮಗುವನ್ನು ನೋಡಲು ಬರುತ್ತಿರುವ ಬಂಧು. ಮೈಸೂರಿನ ಮನೆಯಲ್ಲಿ ದೇವರ ಕೋಣೆಯ ಹೊಸ್ತಿಲು ದಾಟದವಳು ವಿಮಾನ ಹತ್ತುವಷ್ಟರಲ್ಲಿ ಅವರ ವಂಶದವಳಾಗಿದ್ದಳು.

ಎರಡು ಸಾವಿರದ ಹನ್ನೆರಡರ ಮೇ ತಿಂಗಳಲ್ಲಿ ಬಂದಳು. ಆಗಸ್ಟಿಗೆ ವೀಸಾ ಮುಗಿಯಿತು. “ಮುಂದಿನ ತಿಂಗ್ಳು ಕಳಿಸ್ತೀವಿ” ಅಂದರು. ಮುಂದಿನ ತಿಂಗಳು ಮಗುವಿಗೆ ಹಲ್ಲು ಬಂತು. ಅದರ ಮುಂದಿನ ತಿಂಗಳು ವಾಸಂತಿಗೆ ಪ್ರಮೋಷನ್ ಬಂತು. ಪಾಸ್‌ಪೋರ್ಟು ನರಹರಿಯ ಬೀರುವಿನಲ್ಲೇ ಉಳಿಯಿತು.

ಜನವರಿಯಲ್ಲಿ ರಾಜಮ್ಮನ ದವಡೆಹಲ್ಲು ಬಾತು ಕೀವು ತುಂಬಿತ್ತು. ನೋವಿನ ಮಾತ್ರೆ ಕೊಟ್ಟರು. ಹಲ್ಲು ತಾನೇ ಮುರಿದುಬಿತ್ತು. ಮಾರ್ಚಿನಲ್ಲಿ ಜ್ವರ ಶುರುವಾಯಿತು. ಸಂಜೆಯಾದರೆ ಚಳಿ, ಬೆಳಗಾದರೆ ಹಾಸಿಗೆ ತೊಯ್ದ ಬಟ್ಟೆ. ಸೀರೆಯ ನೆರಿಗೆ ಹೆಚ್ಚು ಹಿಡಿಯಬೇಕಾಯಿತು, ಅಷ್ಟು ಸೊರಗಿದಳು. ಆ ವರ್ಷ ಮಾರ್ಚ್ ಮುಗಿದರೂ ಹಿಮ ಬೀಳುತ್ತಿತ್ತು. “ಈ ವೆದರ್‌ಗೆ ಎಲ್ರಿಗೂ ಹಂಗೇ ಆಗತ್ತೆ” ಅಂದಿದ್ದಳು ವಾಸಂತಿ. ಈಗ ಕಣ್ಣು.

ವಾಸಂತಿ ಕೆಳಗೆ ಬಂದವಳು ಅವಳ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

“ಅಯ್ಯೋ, ಮದ್ರಾಸ್ ಐ! ರಾಜಮ್ಮ, ಮಗು ಮುಟ್ಬೇಡ. ಇನ್‌ಫೆಕ್ಷನ್ ಆಗತ್ತೆ.”

“ಕಣ್ಣೇ ಕಾಣಕಿಲ್ಲ ಕನ್ರಮ್ಮಾವ್ರೆ. ಒಳಗಿಂದ ಗುದ್ದುದಂಗಾಯ್ತದೆ.”

“ಮೂರು ದಿನದಲ್ಲಿ ಹೋಗತ್ತೆ. ಇಂಡಿಯಾದ್ ಡ್ರಾಪ್ಸ್ ಇದೆ, ಹಾಕ್ಕೋ. ಚಪಾತಿ ಆಯ್ತಾ?”

ಅಂಟುವ ಕಣ್ಣು ಮಗುವಿಗೆ ಅಂಟುತ್ತದೆ, ಚಪಾತಿ ಹಿಟ್ಟಿಗೆ ಅಂಟುವುದಿಲ್ಲ. ರಾಜಮ್ಮ ಹಿಟ್ಟು ನಾದಿದಳು.

ಮೂರು ದಿನಕ್ಕೆ ಹೋಗಲಿಲ್ಲ. ಐದನೆಯ ದಿನ ನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಅದನ್ನು ನರಹರಿ ನೋಡಿದ. ಅವನು ಕೆಟ್ಟವನೆಂದು ರಾಜಮ್ಮ ಎಂದೂ ಅಂದುಕೊಂಡವಳಲ್ಲ. ಕೈ ಎತ್ತಿದವನಲ್ಲ, ಏಕವಚನ ಬಿಟ್ಟರೆ ಕೆಟ್ಟ ಮಾತು ಆಡಿದವನಲ್ಲ. ಅವತ್ತು ಆಫೀಸಿಗೆ ತಡವಾಗಿ ಹೋಗುತ್ತೇನೆಂದು ಹೇಳಿ, ಕಾರಿನಲ್ಲಿ ಕೂರಿಸಿಕೊಂಡು ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ಬಿಳಿಗೂದಲಿನ ಮನುಷ್ಯ. ಮೆತ್ತಗೆ ಮಾತಾಡುತ್ತಿದ್ದ. ಟಾರ್ಚು ಹಿಡಿದು ನೋಡಿ ಏನೋ ಕೇಳಿದ.

“ಯಾವಾಗಿಂದ ಅಂತ ಕೇಳ್ತಿದಾರೆ” ಎಂದ ನರಹರಿ.

“ಕಣ್ಣು ಐದು ದಿನದಿಂದ ಅಯ್ನೋರೆ. ಅದ್ಕೂ ಮುಂಚೆ ಜ್ವರ. ಒಂದು ತಿಂಗ್ಳಿಂದ ಬಿಡ್ನೇ ಇಲ್ಲ. ಮೂಳೆಯೆಲ್ಲ ನಡುಗ್ತದೆ. ಹಲ್ಲೂ ಬಾತಿತ್ತು. ಚಿಕ್ಕೋಳಾಗಿದ್ದಾಗ ಕೀಲು ಬಾವು ಬಂದು ಮೂರು ತಿಂಗ್ಳು ಮಲಗ್ಬುಟ್ಟಿದ್ದೆ. ಎದೇಲಿ ಸದ್ದು ಅದೆ ಅಂದಿದ್ರು ಮೈಸೂರು ದೊಡ್ಡಾಸ್ಪತ್ರೇಲಿ. ಅದ್ನೂ ಯೋಳಿ.”

ನರಹರಿ ಡಾಕ್ಟರ ಕಡೆ ತಿರುಗಿ, “ಫೈವ್ ಡೇಸ್” ಅಂದ.

ಅವಳು ಆಡಿದ್ದು ಅಷ್ಟುದ್ದ. ಅವನು ದಾಟಿಸಿದ್ದು ಇಷ್ಟೇ. ಇಂಗ್ಲಿಷಿನಲ್ಲಿ ಮಾತು ಹೀಗೆ ಕುಗ್ಗುತ್ತದೇನೋ ಎಂದುಕೊಂಡಳು. ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ. ಅದರಲ್ಲಿ ‘ಫೀವರ್’ ಎಂಬುದು ಅವಳ ಕಿವಿಗೆ ಬಿತ್ತು. ಫೀವರ್ ಅಂದರೆ ಜ್ವರ. ಅದು ಅವಳಿಗೆ ಗೊತ್ತಿತ್ತು.

“ನೋ” ಅಂದ ನರಹರಿ. ಅದೂ ಗೊತ್ತಿತ್ತು.

“ಅದೆ ಅಯ್ನೋರೆ! ಜ್ವರ ಅದೆ!” ರಾಜಮ್ಮ ಡಾಕ್ಟರನ್ನೇ ನೋಡುತ್ತ ಹೇಳಿದಳು. ಕೈಯನ್ನು ಹಣೆಯ ಮೇಲಿಟ್ಟು ತೋರಿಸಿದಳು.

ಡಾಕ್ಟರು ನರಹರಿಯ ಮುಖ ನೋಡಿದ. ನರಹರಿ ನಕ್ಕು ಏನೋ ಹೇಳಿದ. ಅದರ ಕೊನೆಯಲ್ಲಿ ‘ಥ್ಯಾಂಕ್ಯೂ’ ಇತ್ತು. ಡಾಕ್ಟರೂ ನಕ್ಕ. ಅವಳ ಕಡೆ ತಲೆಬಾಗಿಸಿದ. ಕಣ್ಣಿನ ಹನಿ ಬರೆದುಕೊಟ್ಟ. ನಾಲ್ಕು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಲೇಬೇಕೆಂದು ಎರಡು ಸಲ ಹೇಳಿದನಂತೆ. ಅದು ರಾಜಮ್ಮನಿಗೆ ಬಹಳ ದಿನಗಳಾದ ಮೇಲೆ ಗೊತ್ತಾಯಿತು.

ಕಾರಿನಲ್ಲಿ ಅವಳು ಕೇಳಿದಳು. “ಯಾಕೆ ಇಲ್ಲ ಅಂದ್ರಿ?”

ನರಹರಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ರಾಜಮ್ಮ, ಫೀವರ್ ಅಂದ್ರೆ ಬ್ಲಡ್ ಟೆಸ್ಟ್ ಅಂತಾರೆ. ಟೆಸ್ಟ್ ಅಂದ್ರೆ ಹಾಸ್ಪಿಟಲ್. ಅಲ್ಲಿ ಪಾಸ್‌ಪೋರ್ಟ್ ಕೇಳ್ತಾರೆ. ನಿನ್ ವೀಸಾ ಮುಗ್ದು ಎಂಟು ತಿಂಗ್ಳಾಯ್ತು. ಸೀದಾ ಜೈಲು. ನಿನ್ನ ಒಳ್ಳೇದಕ್ಕೇ ಹೇಳ್ದೆ ನಾನು.”

ಜೈಲು ಎಂಬ ಮಾತು ಕೇಳಿ ರಾಜಮ್ಮ ಕಿಟಕಿಯತ್ತ ತಿರುಗಿದಳು. ಹೊರಗೆ ಕಾಲುವೆ, ಕಾಲುವೆಯಾಚೆ ಒಂದೇ ಅಳತೆಯ ಮನೆಗಳು. ಆ ಮನೆಗಳಲ್ಲಿ ಯಾರ ಬಾಗಿಲು ತಟ್ಟಿದರೂ ಜ್ವರ ಎಂಬ ಒಂದು ಮಾತನ್ನು ಹೇಳುವ ಭಾಷೆ ಅವಳಲ್ಲಿರಲಿಲ್ಲ.

ಯುಗಾದಿ ಕಳೆದ ಶನಿವಾರ ನರಹರಿಯ ಮನೆಯಲ್ಲಿ ಕನ್ನಡದವರ ಊಟ. ಮೂವತ್ತು ಜನ. ಹಿಂದಿನ ದಿನವೇ ಬೇಳೆ ಬೇಯಿಸಿ ಹೂರಣ ರುಬ್ಬಿದ್ದಾಯಿತು. ರಾಜಮ್ಮ ಒಂದೇ ಕಣ್ಣಿನಲ್ಲಿ ಎಪ್ಪತ್ತು ಒಬ್ಬಟ್ಟು ತಟ್ಟಿದಳು. ಕಾವಲಿ ಎಷ್ಟು ದೂರವಿದೆಯೆಂದು ಅಂದಾಜು ಸಿಗದೆ ಎರಡು ಸಲ ಮೊಣಕೈ ಸುಟ್ಟುಕೊಂಡಳು. ವಾಸಂತಿ ತನ್ನ ಕಪ್ಪು ಕನ್ನಡಕ ತಂದುಕೊಟ್ಟಳು. “ಗೆಸ್ಟ್ಸ್ ಹೆದರ್ಕೋತಾರೆ. ಹಾಕ್ಕೊಂಡಿರು.”

ಹತ್ತಿರದ ಊರು ಡೀಮೆನ್‌ನಿಂದ ಕೇಶವ ಎಂಬವನ ಸಂಸಾರ ಬಂದಿತ್ತು. ಅವರ ಜೊತೆ ನೀಲವ್ವ ಎಂಬ ಹೆಂಗಸು. ಬಾಗಲಕೋಟೆಯ ಕಡೆಯವಳು. ಎಲ್ಲರಿಗೂ ಅವಳನ್ನು ‘ನಮ್ಮ ಅತ್ತೆ’ ಎಂದು ಪರಿಚಯ ಮಾಡಿದರು. ಅತ್ತೆ ಸೀದಾ ಅಡಿಗೆಮನೆಗೆ ಬಂದು ತೋಳು ಏರಿಸಿ ತಟ್ಟೆ ತೊಳೆಯಲು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ನೀನೂ ಏನ?” ಎಂದಳು ನೀಲವ್ವ.

“ಹೂಂ ಕನವ್ವ.”

“ಎಷ್ಟ್ ದಿನಾ ಆತು?”

“ವರ್ಸಕ್ಕೆ ಬಂತು.”

“ನಂದು ಎಲ್ಡು” ಎಂದು ನೀಲವ್ವ ನಲ್ಲಿ ತಿರುಗಿಸಿದಳು.

ನೀರು ಕೇಳಿಕೊಂಡು ಒಳಗೆ ಬಂದವಳು ಸಿಂಧೂರ. ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಆಲೂಗಡ್ಡೆಯ ರೋಗಗಳ ಬಗ್ಗೆ ಓದುತ್ತಿದ್ದ ಹುಡುಗಿ. ಚಾಮರಾಜನಗರದ ಕಡೆಯವಳು. ರಾಜಮ್ಮನ ಮಾತು ಕೇಳಿ ಮುಖ ಅರಳಿಸಿ, “ಯಾವೂರು ಆಂಟಿ?” ಎಂದಳು. ಉತ್ತರ ಹೇಳಲು ರಾಜಮ್ಮ ತಿರುಗಿದಳು. ಕನ್ನಡಕದ ಕೆಳಗಿನಿಂದ ಕೆನ್ನೆಗೆ ನೀರು ಇಳಿಯುತ್ತಿತ್ತು. ಕೈಯಲ್ಲಿ ಹಿಟ್ಟು. ಭುಜದಿಂದ ಒರೆಸಿಕೊಳ್ಳಲು ಹೋಗಿ ಕನ್ನಡಕ ಜಾರಿ ಬಿತ್ತು.

ಸಿಂಧೂರ ಲೋಟ ಕೆಳಗಿಟ್ಟಳು. ಕಣ್ಣು ರಕ್ತದ ಗೆಡ್ಡೆಯಾಗಿತ್ತು. ಕರಿಗುಡ್ಡೆಯ ತಳದಲ್ಲಿ ಮೊಸರು ಕುಳಿತ ಹಾಗೆ ಒಂದು ಬಿಳಿ ಗೆರೆ ನಿಂತಿತ್ತು.

“ಆಂಟಿ, ಇದು ಮದ್ರಾಸ್ ಐ ಅಲ್ಲ. ಒಳಗಡೆ ಕೀವಿದೆ.” ಅವಳು ರಾಜಮ್ಮನ ಕೈ ಹಿಡಿದಳು. ಹಿಡಿದವಳೇ ಹಣೆ ಮುಟ್ಟಿದಳು. “ಮೈ ಕಾವಲಿ ಥರ ಸುಡ್ತಿದೆ! ಯಾರಿಗಾದ್ರೂ ತೋರಿಸಿದ್ರಾ?”

ನಡುಮನೆಯಲ್ಲಿ ಊಟ ನಡೆದಿತ್ತು. ಸಿಂಧೂರ ಅಲ್ಲಿಗೇ ಹೋಗಿ ನಿಂತಳು. “ನರಹರಿ ಸರ್, ಇವ್ರನ್ನ ಈಗ್ಲೇ ಹಾಸ್ಪಿಟಲ್‌ಗೆ ಕರ್ಕೊಂಡ್ ಹೋಗ್ಬೇಕು.”

“ಡಾಕ್ಟರಿಗೆ ತೋರ್ಸಿದೀವಿ. ಡ್ರಾಪ್ಸ್ ಕೊಟ್ಟಿದಾರೆ.”

“ಕಣ್ಣಲ್ಲಿ ಕೀವಿದೆ. ಜ್ವರ ಇದೆ.”

“ಸೋಮವಾರ ಮತ್ತೆ ತೋರಿಸ್ತೀನಿ. ಯು ಪ್ಲೀಸ್ ಸಿಟ್.”

ಯಾರೂ ತಲೆಯೆತ್ತಲಿಲ್ಲ. ಕೇಶವ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಹೇಳಿದ. “ನೋಡಮ್ಮ, ಅದು ಅವ್ರ ಮನೆ ವಿಷ್ಯ. ನೀನು ಸ್ಟೂಡೆಂಟು. ನೀನೂ ಇಲ್ಲಿ ಪರ್ಮಿಟ್ ಮೇಲೆ ಇರೋಳೇ. ಸುಮ್ನೆ ಯಾಕೆ?”

ಬಾಗಿಲ ಬಳಿ ನಿಂತಿದ್ದ ರಾಜಮ್ಮ ಮೂವತ್ತು ಮುಖಗಳನ್ನೂ ನೋಡಿದಳು. ಒಂದು ಕಣ್ಣಿಗೆ ಅಷ್ಟೂ ಕಂಡವು. ಅವಳಿಗೆ ತಾನು ಸಾಯುತ್ತೇನೆ ಎಂದು ಆ ಕ್ಷಣದಲ್ಲಿ ಅನ್ನಿಸಿತು. ಇವರ ತಟ್ಟೆ ಎತ್ತಿ, ತೊಳೆದು, ಒರೆಸಿಟ್ಟು, ಮೇಲೆ ಆ ಯಂತ್ರದ ಪಕ್ಕ ಮಲಗಿ ಸಾಯುತ್ತೇನೆ. ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

“ಜೈಲಿಗಾದ್ರೂ ಹಾಕ್ಲಿ. ನಡಿಯವ್ವ, ಹೋಗಮ.”

“ರಾಜಮ್ಮ!” ವಾಸಂತಿ ಎದ್ದು ಬಂದಳು. ಕಣ್ಣಲ್ಲಿ ನೀರಿತ್ತು. “ನಿನಗೆ ನಾವೇನು ಕಮ್ಮಿ ಮಾಡಿದ್ವಿ?”

ರಾಜಮ್ಮ ಬಾಗಿಲ ಕಡೆ ನಡೆದಳು. ವಾಸಂತಿಯದೇ ಹಳೆಯ ಕೋಟು ಹಾಕಿಕೊಂಡು ಸಿಂಧೂರಳ ಹೆಗಲು ಹಿಡಿದು ಬಸ್ಸು ನಿಲ್ಲುವ ಜಾಗದವರೆಗೆ ನಡೆದಳು. ನೂರು ಹೆಜ್ಜೆಗೆ ನಾಲ್ಕು ಸಲ ನಿಂತಳು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಒಬ್ಬ ಎತ್ತರದ ಹೆಂಗಸು. ಯಂತ್ರಕ್ಕೆ ಗಲ್ಲ ಊರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಅವಳು ಕಣ್ಣಿನ ತಪಾಸಣೆ ನಿಲ್ಲಿಸಿ ರಾಜಮ್ಮನ ಕೈಬೆರಳುಗಳನ್ನು ನೋಡತೊಡಗಿದಳು. ಉಗುರುಗಳ ಕೆಳಗೆ ಮುಳ್ಳು ಮುರಿದಂತೆ ಸಣ್ಣ ಸಣ್ಣ ಕೆಂಪು ಗೆರೆಗಳಿದ್ದವು. ಅವನ್ನು ರಾಜಮ್ಮ ಪಾತ್ರೆ ತಿಕ್ಕಿದ್ದರ ಗುರುತು ಎಂದುಕೊಂಡಿದ್ದಳು.

“ಜ್ವರ ಎಷ್ಟು ದಿನದಿಂದ?” ಎಂದು ಸಿಂಧೂರ ಕನ್ನಡದಲ್ಲಿ ಕೇಳಿದಳು.

ರಾಜಮ್ಮ ಹೇಳಿದಳು. ಹಲ್ಲು, ಚಳಿ, ಬೆವರು, ಚಿಕ್ಕಂದಿನ ಕೀಲು ಬಾವು, ಎದೆಯ ಸದ್ದು. ಒಂದೊಂದನ್ನೂ ಸಿಂಧೂರ ಇಂಗ್ಲಿಷಿಗೆ ದಾಟಿಸಿದಳು. ಪ್ರತಿಯೊಂದಕ್ಕೂ ಡಾಕ್ಟರ ಮುಖ ಬದಲಾಗುತ್ತಿತ್ತು. ತನ್ನ ಮಾತು ಇನ್ನೊಬ್ಬರ ಮುಖಕ್ಕೆ ತಲುಪುವುದನ್ನು ರಾಜಮ್ಮ ಒಂದು ವರ್ಷದ ಮೇಲೆ ನೋಡಿದಳು.

“ಪಾಸ್ಪೋಟು ಅವರತ್ರ ಅದೆ, ವೀಸಾ ಮುಗ್ದೋಗದೆ ಅಂತ್ಲೂ ಯೋಳ್ಬುಡವ್ವ. ಜೈಲಿಗಾಕೋದಾದ್ರೆ ಈಗ್ಲೇ ಹಾಕ್ಲಿ.”

ಡಾಕ್ಟರು ಅದನ್ನು ಕೇಳಿ ಇಲ್ಲವೆಂದು ತಲೆಯಾಡಿಸಿ ಏನೋ ವಿವರಿಸಿದಳು. ಸಿಂಧೂರ ಅದನ್ನು ದಾಟಿಸಿದಳು. “ಆಂಟಿ, ಕಾಯಿಲೆ ಬಂದವರನ್ನ ಇಲ್ಲಿ ಹಿಡಿದುಕೊಡಲ್ವಂತೆ. ಕಾಗದ ಇರಲಿ ಬಿಡಲಿ, ನೋಡಲೇಬೇಕಂತೆ. ಮೊದಲಿಂದಲೂ ಹಾಗೇ ಅಂತೆ.”

ರಾಜಮ್ಮ ಆ ಮಾತನ್ನು ತನ್ನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಮೊದಲಿಂದಲೂ ಹಾಗೇ.

ರಕ್ತ ತೆಗೆದರು, ಒಂದೇ ಜಾಗದಿಂದಲ್ಲ, ಬೇರೆ ಬೇರೆ ಕಡೆಯಿಂದ. ಎದೆಗೆ ತಣ್ಣನೆಯ ಗಂಜಿಯಂಥದ್ದು ಹಚ್ಚಿ ಪರದೆಯ ಮೇಲೆ ಹೃದಯ ತೋರಿಸಿದರು. ಬಡಿಯುವ ಕವಾಟದ ಮೇಲೆ ಹೂಕೋಸಿನ ಚೂರಿನಂಥದೊಂದು ಅಂಟಿಕೊಂಡು ಅಲ್ಲಾಡುತ್ತಿತ್ತು. ಕೊಳೆತ ಹಲ್ಲಿನಿಂದ ಹೊರಟ ವಿಷಕ್ರಿಮಿ ರಕ್ತಕ್ಕಿಳಿದು, ಚಿಕ್ಕಂದಿನಲ್ಲೇ ಹಾಳಾಗಿದ್ದ ಕವಾಟದ ಮೇಲೆ ಗೂಡು ಕಟ್ಟಿತ್ತು. ಅಲ್ಲಿಂದ ಒಂದು ಚೂರು ಸಿಡಿದು ಕಣ್ಣಿಗೆ ಬಂದಿತ್ತು.

“ಕಾಯಿಲೆ ಕಣ್ಣಿನದಲ್ಲ, ಹೃದಯದ್ದು” ಎಂದು ಸಿಂಧೂರ ಬಿಡಿಸಿ ಹೇಳಿದಳು. “ಕಣ್ಣು ಮೊದಲೇ ಕೂಗಿ ಹೇಳಿದೆಯಂತೆ. ಅವತ್ತೇ ಜ್ವರ ಇದೆ ಅಂತ ಗೊತ್ತಾಗಿದ್ದಿದ್ರೆ...”

“ಗೊತ್ತಾಗಿದ್ದಿದ್ರೆ?”

“ಕಣ್ಣು ಉಳೀತಿತ್ತೇನೋ ಅಂತಾರೆ.”

ಆಮ್‌ಸ್ಟರ್‌ಡಾಮಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಆರು ವಾರ ರಕ್ತನಾಳಕ್ಕೆ ಔಷಧ ಹನಿಸಬೇಕೆಂದರು. ಕಣ್ಣಿನೊಳಕ್ಕೇ ಸೂಜಿ ಚುಚ್ಚಿದರು. ಏನು ಮಾಡಿದರೂ ಕೀವು ಬತ್ತಲಿಲ್ಲ. ಎರಡನೆಯ ವಾರದ ಕೊನೆಗೆ ಎಡಗಣ್ಣು ತೆಗೆದರು. ಜ್ವರ ಇಳಿಯಿತು. ಆದರೆ ಕವಾಟ ಸೋರುತ್ತಿತ್ತು. ಮೆಟ್ಟಿಲು ಹತ್ತುವ ಕೆಲಸ, ಬಗ್ಗಿ ಏಳುವ ಕೆಲಸ ಇನ್ನು ಆಗದು ಎಂದರು. ಇವತ್ತಲ್ಲ ನಾಳೆ ಎದೆ ಕೊಯ್ಯಲೇಬೇಕಾಗುತ್ತದೆ ಎಂದೂ ಅಂದರು. ಬಗ್ಗಿ ಏಳುವುದು ಬಿಟ್ಟು ತನಗೆ ಬೇರೆ ಯಾವ ಕೆಲಸ ಬರುತ್ತದೆ ಎಂದು ರಾಜಮ್ಮ ಯೋಚಿಸಿದಳು. ಯಾವುದೂ ಹೊಳೆಯಲಿಲ್ಲ.

ನರಹರಿ ಮೂರನೆಯ ವಾರ ಬಂದ. ಕೈಯಲ್ಲಿ ಹಣ್ಣು, ಅವಳ ಪಾಸ್‌ಪೋರ್ಟು, ಒಂದು ಕಾಗದ. ಅವಳ ಕಣ್ಣಿನ ಪಟ್ಟಿ ನೋಡಿ ತಲೆ ತಗ್ಗಿಸಿದ.

“ರಾಜಮ್ಮ, ಇಲ್ಲಿ ಸೋಷಿಯಲ್ ವರ್ಕರ್ ಏನೇನೋ ಕೇಳ್ತಿದಾರಂತೆ. ನಂಟರ ಮನೆಗೆ ಬಂದಿದ್ದೆ, ಕೆಲಸ ಏನೂ ಮಾಡ್ಲಿಲ್ಲ, ಹುಷಾರಿಲ್ದೆ ಉಳ್ಕೊಂಡೆ ಅಂತ ಇದೆ ಇದ್ರಲ್ಲಿ. ಹೆಬ್ಬೆಟ್ಟು ಒತ್ತು ಸಾಕು. ಇಲ್ಲಾಂದ್ರೆ ನಮ್ಮ ಪರ್ಮಿಟ್ ಹೋಗತ್ತೆ. ಮಗೂನ ಎತ್ಕೊಂಡು ಬೀದಿಗೆ ಬೀಳ್ತೀವಿ.”

ಆ ಮಗುವಿನ ಮೊದಲ ಹೆಜ್ಜೆಗೆ ಬೆರಳು ಕೊಟ್ಟವಳು ರಾಜಮ್ಮನೇ.

“ಅವತ್ತು ಡಾಕ್ಟ್ರಿಗೆ ಏನಂತ ಯೋಳುದ್ರಿ ಅಯ್ನೋರೆ? ನಾ ಜ್ವರ ಅದೆ ಅಂದಾಗ?”

ನರಹರಿ ಹಣ್ಣಿನ ಚೀಲವನ್ನು ಮಂಚದ ಪಕ್ಕಕ್ಕೆ ಸರಿಸಿದ.

“ತಲೆಬಗ್ಗಿಸ್ದ ಆ ಮನ್ಸ. ನಾ ಥ್ಯಾಂಕ್ಯೂ ಅಂದಂಗೆ ತಲೆಬಗ್ಗಿಸಿ ಕಳಿಸ್ದ. ಏನಂತ ಯೋಳುದ್ರಿ?”

“ಬಿಡು ರಾಜಮ್ಮ ಈಗ ಅದನ್ನ...”

“ಕಾಗ್ದ ತಕ್ಕೊಂಡೋಗಿ.”

ಅವನು ಪಾಸ್‌ಪೋರ್ಟು ಮಂಚದ ಮೇಲಿಟ್ಟು ಎದ್ದು ಹೋದ. ಆಮೇಲೆ ಬರಲಿಲ್ಲ.

ಐದನೆಯ ವಾರ ಸರ್ಕಾರದ ಅಧಿಕಾರಿ ಬಂದ. ತನ್ನನ್ನು ದುಡಿಸಿಕೊಂಡವರ ಮೇಲೆ ದೂರು ಕೊಡಲು ರಾಜಮ್ಮ ತಾನೇ ಸೋಷಿಯಲ್ ವರ್ಕರ್‌ಗೆ ಹೇಳಿ ಕರೆಸಿದ್ದಳು. ಸಿಂಧೂರ ಪಕ್ಕದಲ್ಲಿ ಕೂತಿದ್ದಳು. ಆದರೆ ಅವಳು ಸಾಕ್ಷಿಯಾದ್ದರಿಂದ ಮಾತು ದಾಟಿಸುವಂತಿಲ್ಲ ಎಂದ ಅಧಿಕಾರಿ ಫೋನಿನಲ್ಲಿ ಯಾರೋ ದುಭಾಷಿಯನ್ನು ಹಿಡಿದ. ಎಲ್ಲಿಂದಲೋ ಒಬ್ಬ ಗಂಡಸು ಪುಸ್ತಕದ ಕನ್ನಡದಲ್ಲಿ ಮಾತಾಡತೊಡಗಿದ.

“ತಾವು ಆ ಮನೆಯಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಪುರಾವೆ ಇದೆಯೇ?”

“ಮೂವತ್ತು ಜನ ನಾ ತಟ್ಟಿದ ಒಬ್ಬಟ್ಟು ತಿಂದವ್ರೆ. ಕೇಳಿ.”

ಅಧಿಕಾರಿ ಹಾಳೆ ತಿರುವಿದ. ಕೇಳಿದ್ದೇವೆ ಎಂದ. ಅವರೆಲ್ಲ ಓದಿದವರು. ಅತಿಥೇಯರ ಚಿಕ್ಕಮ್ಮನನ್ನು ಕಂಡೆವು, ಹಬ್ಬವಾದ್ದರಿಂದ ಅಡಿಗೆಗೆ ನೆರವಾಗುತ್ತಿದ್ದರು ಎಂದು ಬರೆದುಕೊಟ್ಟಿದ್ದಾರೆ. ಹಲವರು ನೆನಪಿಲ್ಲ ಎಂದಿದ್ದಾರೆ. ಈ ಹುಡುಗಿಯೊಬ್ಬಳು ಮಾತ್ರ ಬೇರೆ ಹೇಳುತ್ತಾಳೆ. ಒಬ್ಬಳ ಮಾತು ಸಾಲದು. ಆ ಕುಟುಂಬ ಕಳೆದ ವಾರವೇ ಬೇರೆ ದೇಶಕ್ಕೆ ವರ್ಗವಾಗಿ ಹೋಗಿದೆ. ತಮ್ಮ ಔಷಧ ಮುಗಿಯುವವರೆಗೆ ಇಲ್ಲಿರಬಹುದು. ಎದೆಯ ಆಪರೇಷನ್ ತುರ್ತಿನದಲ್ಲವಾದ್ದರಿಂದ ಅದನ್ನು ತಮ್ಮ ದೇಶದಲ್ಲಿ ಮಾಡಿಸಿಕೊಳ್ಳಬಹುದು.

ಫೋನಿನ ಗಂಡಸು ಅಷ್ಟನ್ನೂ ತಡೆಯಿಲ್ಲದೆ ಓದಿದಂತೆ ಹೇಳಿದ. ಸಿಂಧೂರ ಮುಖ ಮುಚ್ಚಿಕೊಂಡಳು.

“ಕೊನೆಯದಾಗಿ” ಎಂದಿತು ಫೋನು. “ತಮ್ಮಂತೆಯೇ ಇಲ್ಲಿ ಕೆಲಸಕ್ಕಿರುವ ಬೇರೆ ಯಾರಾದರೂ ತಮಗೆ ಗೊತ್ತೇ?”

ರಾಜಮ್ಮನಿಗೆ ನಲ್ಲಿಯ ಮುಂದೆ ತಟ್ಟೆ ತೊಳೆಯುತ್ತಿದ್ದ ನೀಲವ್ವ ನೆನಪಾದಳು. ಬಲಗಣ್ಣನ್ನು ಅಧಿಕಾರಿಯ ಮುಖದ ಮೇಲಿಟ್ಟಳು.

“ನಾ ಹೆಸ್ರು ಯೋಳುದ್ರೆ ಅವಳ್ನ ಏನ್ ಮಾಡೀರಿ?”

“ನಿಯಮದ ಪ್ರಕಾರ ಸ್ವದೇಶಕ್ಕೆ ಕಳುಹಿಸಲಾಗುವುದು.”

“ಇಟ್ಕೊಂಡಿರೋರ್ನ?”

“ವಿಚಾರಣೆ ನಡೆಸಲಾಗುವುದು. ಪುರಾವೆ ದೊರೆತರೆ ಕ್ರಮ.”

“ಗೊತ್ತು” ಅಂದಳು ರಾಜಮ್ಮ. “ಆದ್ರೆ ಯೋಳಾಕಿಲ್ಲ. ಅವ್ಳಿಗೆ ಯೋಳ್ತೀನಿ. ಪಾಸ್ಪೋಟು ಇಸ್ಕೊ, ಮೈಗೆ ಆಗ್ನಿಲ್ಲ ಅಂದ್ರೆ ನೀನೇ ಬಾಗ್ಲು ತೆಕ್ಕೊಂಡು ಆಸ್ಪತ್ರೆಗೆ ನಡಿ, ಯಾರೂ ಹಿಡ್ಕೊಳಾಕಿಲ್ಲ ಅಂತ ಯೋಳ್ತೀನಿ. ಅಷ್ಟು ಗೊತ್ತಿದ್ದಿದ್ರೆ ನಾನು ಎರಡು ಕಣ್ಣಿಟ್ಕೊಂಡು ಊರಿಗೆ ಹೋಗ್ತಿದ್ದೆ.”

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ. ಕಾಗದಗಳನ್ನು ಜೋಡಿಸಿ ಎದ್ದು ನಿಂತ.

“ಧನ್ಯವಾದಗಳು. ಮುಗಿಯಿತು” ಎಂದಿತು ಫೋನು.

“ನಂದಿನ್ನೂ ಮುಗ್ದಿಲ್ಲ. ಕೂತ್ಕೊಳೋಕೆ ಯೋಳಿ” ಅಂದಳು ರಾಜಮ್ಮ. “ನಮ್ ಊರು ತಿ. ನರಸೀಪುರದ ಕಡೆ. ನಮ್ಮಪ್ಪ ಮರಿಯಪ್ಪ, ಕೂಲಿ. ನಾ ಏಳು ವರ್ಸಕ್ಕೇ ಕೆಲ್ಸಕ್ಕೆ ಸೇರ್ದೆ. ಬರ್ಕೊಳೋಕೆ ಯೋಳಿ.”

ಅಧಿಕಾರಿ ಗಡಿಯಾರ ನೋಡಿಕೊಂಡ. ಕೂರಲಿಲ್ಲ. ಬಾಗಿಲ ಹಿಡಿಗೆ ಕೈಯಿಟ್ಟ. ಅವಳು ಮಾತು ನಿಲ್ಲಿಸಲೂ ಇಲ್ಲ.